ನಮ್ಮ ವಠಾರದ ಆಮಾಲಾ
(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



‘ನೆರೆಯವರ ಹಕ್ಕುಗಳು’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಹೇಳಿದ್ದರು. ಹಕ್ಕುಗಳ ಬಗ್ಗೆ ಮೌಲಾನಾ ಸಾಹೇಬರು ನನಗಿಂತ ಮುಂಚೆಯೇ ವಿವರವಾಗಿ ತಿಳಿಸಿದ್ದಾರೆ. ನಾನು ಒಬ್ಬ ನೆರೆಯವರ ಬಗ್ಗೆ ಮಾತ್ರ ಹೇಳುತ್ತೇನೆ. ಅವರು ಕಳೆದ ವರ್ಷ ತೀರಿಕೊಂಡರು.

ನಾನು ಹುಟ್ಟಿ ಬೆಳೆದದ್ದು ಕುಶಾಲನಗರದ ಒಂದು ವಠಾರದಲ್ಲಿ. ಅಬ್ಬಾ ಟೈಲರ್. ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಒಬ್ಬ ಟಿಬೆಟನ್ ಹೆಂಗಸು ಬಾಡಿಗೆಗೆ ಇದ್ದರು. ನಾವೆಲ್ಲ ಅವರನ್ನು ಆಮಾಲಾ ಎನ್ನುತ್ತಿದ್ದೆವು. ಟಿಬೆಟನ್ ಭಾಷೆಯಲ್ಲಿ ‘ಆಮಾ’ ಎಂದರೆ ತಾಯಿ. ‘ಲಾ’ ಎಂಬುದು ನಮ್ಮ ‘ಜೀ’ ಇದ್ದಂತೆ, ಗೌರವಕ್ಕೆ ಸೇರಿಸುವುದು. ಅವರ ನಿಜವಾದ ಹೆಸರು ನನಗೆ ಗೊತ್ತಾದದ್ದೇ ಹತ್ತನೇ ತರಗತಿಯಲ್ಲಿದ್ದಾಗ.

ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಅಲ್ಲಿಂದ ಸ್ವಲ್ಪ ಮುಂದೆ ಬೈಲಕುಪ್ಪೆ. ನೀವೆಲ್ಲ ಶಾಲೆಯ ಪ್ರವಾಸದಲ್ಲಿ ಗೋಲ್ಡನ್ ಟೆಂಪಲ್ ನೋಡಿದ್ದೀರಿ. ಆ ಜಾಗ ಮೊದಲು ಹೇಗಿತ್ತು ಎಂದು ಆಮಾಲಾ ಹೇಳುತ್ತಿದ್ದರು. 1959ರಲ್ಲಿ ಲ್ಹಾಸಾದಲ್ಲಿ ದಂಗೆಯಾಗಿ ದಲಾಯಿ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಆಮಾಲಾಗೆ ಆಗ ಹತ್ತು ವರ್ಷವಂತೆ. ಮೊದಲು ಕುಲ್ಲು ಕಡೆ ರಸ್ತೆ ಕೆಲಸ. ತಂದೆ ಕಲ್ಲು ಒಡೆಯುವುದು, ಮಕ್ಕಳು ಜಲ್ಲಿ ಹೊರುವುದು. ಆ ಹೊತ್ತಿಗೆ ನಮ್ಮ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಡಲು ಒಪ್ಪಿತ್ತು. ಅದರ ಹಿಂದೆ ಇದ್ದವರು ಎಸ್. ನಿಜಲಿಂಗಪ್ಪನವರು. ಕೊಟ್ಟದ್ದು ಹೊಲವಲ್ಲ, ಕಾಡು. ಡೇರೆಯಲ್ಲಿ, ಬಿದಿರಿನ ಗುಡಿಸಲಿನಲ್ಲಿ ಮಲಗಿ ಹಗಲೆಲ್ಲ ಮರ ಕಡಿದು ಸುಡಬೇಕು. ರಾತ್ರಿ ಆನೆ ಬಂದರೆ ಡಬ್ಬ ಬಡಿಯಬೇಕು. ಚಳಿಯ ದೇಶದ ಜನಕ್ಕೆ ಇಲ್ಲಿನ ಸೆಖೆ ಹಿಡಿಸಲಿಲ್ಲ. ಆಮಾಲಾ ಅವರ ತಮ್ಮ ಮೊದಲ ಮಳೆಗಾಲದಲ್ಲೇ ಜ್ವರ ಬಂದು ತೀರಿಕೊಂಡ. ಇದನ್ನು ಅವರು ಒಂದೇ ಒಂದು ಸಲ ಹೇಳಿದರು. ಆನೆಯ ಕಥೆಯನ್ನು ಮಾತ್ರ ನೂರು ಸಲ ಹೇಳಿರಬಹುದು.

ಬಾಡಿಗೆಗೆ ಬಂದ ಮೊದಲ ದಿನ ಅಮ್ಮಿಯನ್ನು ನೋಡಿ ಅವರು “ನೀವು ಖಾಚೆ!” ಎಂದರಂತೆ. ಅಮ್ಮಿಗೆ ಬೈಗುಳವೋ ಏನೋ ಎಂದು ಗಾಬರಿ. ಟಿಬೆಟನ್ನರು ಮುಸ್ಲಿಮರನ್ನು ಕರೆಯುವ ಹೆಸರದು. ಮೂಲದಲ್ಲಿ ಕಾಶ್ಮೀರದವರು ಎಂದು ಅರ್ಥ. ಲ್ಹಾಸಾದಲ್ಲಿ ನೂರಾರು ವರ್ಷಗಳಿಂದ ಮುಸ್ಲಿಮರಿದ್ದರು, ಮಸೀದಿ ಇತ್ತು. ಕಾಶ್ಮೀರ, ಲಡಾಖ್‌ಗಳಿಂದ ಹೋದ ವ್ಯಾಪಾರಿಗಳ ಸಂತತಿ ಅವರಲ್ಲಿ ಬಹಳ. ಮಾಂಸದ ಅಂಗಡಿ ಇಟ್ಟವರೂ ಇದ್ದರು. ತಂದೆಯ ಜೊತೆ ಒಮ್ಮೆ ಲ್ಹಾಸಾಗೆ ಹೋದಾಗ ಖಾಚೆಯ ಅಂಗಡಿಯಲ್ಲಿ ಒಂದು ಟೋಪಿ ಕೊಡಿಸಿದ್ದು ಆಮಾಲಾಗೆ ನೆನಪಿತ್ತು. ಆ ಮುಸ್ಲಿಮರಲ್ಲೂ ಅನೇಕರು 1960ರ ಸುಮಾರಿಗೆ ಹೊರಟು ಬಂದು ಶ್ರೀನಗರದಲ್ಲಿ ನೆಲೆಸಿದರು. ಇದು ನಮ್ಮ ಪಠ್ಯಪುಸ್ತಕದಲ್ಲಿಲ್ಲ. ನನಗೆ ತಿಳಿದದ್ದು ಆಮಾಲಾ ಮನೆಯ ಹೊಸ್ತಿಲ ಮೇಲೆ ಕುಳಿತು.

ಅವರ ವ್ಯಾಪಾರ ಸ್ವೆಟರ್. ಪ್ರತಿ ವರ್ಷ ಲೂಧಿಯಾನಕ್ಕೆ ಹೋಗಿ, ಸ್ವಲ್ಪ ಮುಂಗಡ ಕಟ್ಟಿ, ಉಳಿದದ್ದನ್ನು ಸಾಲಕ್ಕೆ ತಂದು, ಚಳಿಗಾಲವೆಲ್ಲ ಬೆಂಗಳೂರಿನ ಫುಟ್‌ಪಾತಿನಲ್ಲಿ ಮಾರುವುದು. ಅವರ ಹೊಸ ವರ್ಷ ಲೋಸಾರ್ ಬರುವ ಹೊತ್ತಿಗೆ ಸಾಲ ತೀರಿಸಿ ವಾಪಸ್. ಆ ನಾಲ್ಕು ತಿಂಗಳು ಅವರ ಮನೆಯ ಬೀಗದ ಕೈ ನಮ್ಮ ಮನೆಯ ಮೊಳೆಯ ಮೇಲೆ. ಕೆಟ್ಟ ಜಿಪ್ಪುಗಳನ್ನು ಅಬ್ಬಾ ಹೊಲಿದು ಕೊಡುತ್ತಿದ್ದರು. ಲೋಸಾರ್‌ಗೆ ಅವರು ಕರಿದ ಖಾಪ್ಸೆ ಕೊಡುತ್ತಿದ್ದರು. ನಮಗೆ ಕೊಡುವುದನ್ನು ಬೇರೆ ಬಾಣಲೆ, ಬೇರೆ ಎಣ್ಣೆಯಲ್ಲಿ ಕರಿಯುತ್ತಿದ್ದರು, ನಾವು ಕೇಳಿದ್ದಲ್ಲ. ಬಕ್ರೀದ್‌ಗೆ ಅವರ ಪಾಲು ಅಮ್ಮಿ ಮೊದಲೇ ತೆಗೆದಿಡುತ್ತಿದ್ದರು. ಅವರ ಉಪ್ಪು ಬೆಣ್ಣೆಯ ಚಹಾ ಮಾತ್ರ ನಮ್ಮಲ್ಲಿ ಯಾರಿಗೂ ಇಳಿಯುತ್ತಿರಲಿಲ್ಲ!

ಅವರು ಕನ್ನಡ ಮಾತನಾಡುವಾಗ “ನಿನ್ನ ಅಮ್ಮಿ ಎಲ್ಲಿ ಹೋದ?” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಟಿಬೆಟನ್ ಕ್ರಿಯಾಪದದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಈಗ ನನ್ನ ತರಗತಿಯಲ್ಲಿ ಉರ್ದು ಮನೆಯ ಮಗು “ಪುಸ್ತಕ ಬಿದ್ದಳು” ಎಂದರೆ ನಾನು ನಗುವುದಿಲ್ಲ. ಉರ್ದುವಿನಲ್ಲಿ ಕಿತಾಬ್ ಸ್ತ್ರೀಲಿಂಗವಲ್ಲವೇ? ಮಗು ಲೆಕ್ಕ ಸರಿಯಾಗಿಯೇ ಮಾಡಿದೆ.

ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಊರಿನಲ್ಲಿ ಸಾಲಕ್ಕೆ ಸ್ವೆಟರ್ ಒಯ್ದವರ ಲೆಕ್ಕ ಬರೆಯುವುದು ಎಂಟನೇ ತರಗತಿಯಿಂದ ನನ್ನ ಕೆಲಸವಾಗಿತ್ತು. ಪುಟಕ್ಕೆ ಒಂದು ಚಾಕಲೇಟ್ ಸಂಬಳ.

ನಾನು ಬಿ.ಎ. ಮುಗಿಸಿದ ವರ್ಷ ಅಬ್ಬಾಗೆ ಬೆನ್ನಿನ ಆಪರೇಷನ್ ಆಯಿತು. ಮಷಿನ್ ನಿಂತಿತು. ಬಿ.ಎಡ್. ಸೀಟು ಸಿಕ್ಕಿತ್ತು, ಫೀಸಿಗೆ ಹಣವಿರಲಿಲ್ಲ. ಹುಡುಗಿಗೆ ಇಷ್ಟು ಓದು ಸಾಕು, ಮದುವೆ ಮಾಡಿ ಎಂದು ಸಂಬಂಧಿಕರು ಬಂದು ಬಂದು ಹೇಳಿದರು. ಅಬ್ಬಾ ಸುಮ್ಮನಾಗಿದ್ದರು, ಒಪ್ಪಿದಂತೆಯೇ. ಒಂದು ಸಂಜೆ ಆಮಾಲಾ ಬಂದು ಕಾಗದದ ಪೊಟ್ಟಣವೊಂದನ್ನು ಮಷಿನ್ ಮೇಲೆ ಇಟ್ಟರು. ಲೂಧಿಯಾನದ ಮುಂಗಡಕ್ಕೆಂದು ಕೂಡಿಸಿದ್ದ ಹಣ. “ಭಾಯಿ, ನಾವು ಬರುವಾಗ ಏನೂ ತರಲಿಲ್ಲ. ಹೊಲ ಅಲ್ಲೇ, ಯಾಕ್ ಅಲ್ಲೇ. ಓದಿದವರು ಮಾತ್ರ ಓದು ತಂದರು” ಎಂದರು. ನಾನು ಲೆಕ್ಕದ ಪುಸ್ತಕ ತಂದು ನಮ್ಮ ಹೆಸರು ಬರೆಯಲು ಹೋದೆ. ಪೆನ್ನು ಕಿತ್ತುಕೊಂಡರು. ಆ ವರ್ಷ ಅವರು ತಂದದ್ದು ಅರ್ಧ ಸರಕು. ಅಬ್ಬಾ ಎರಡು ವರ್ಷ ಸ್ವಲ್ಪ ಸ್ವಲ್ಪವಾಗಿ ಆ ಹಣ ಹಿಂತಿರುಗಿಸಿದರು.

ಇನ್ನೊಂದು ವಿಷಯ. ಆರು ದಶಕ ಇಲ್ಲಿದ್ದರೂ ಆಮಾಲಾ ಈ ದೇಶದ ನಾಗರಿಕರಲ್ಲ. ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ ಅವರದು. ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ನಮ್ಮ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿತು. ಅವರ ಮಗಳು ಅದರಲ್ಲಿ ಬಂದರು, ಮತದಾರರ ಚೀಟಿಯನ್ನೂ ಪಡೆದರು. ಟಿಬೆಟಿನಲ್ಲಿ ಹುಟ್ಟಿದ ತಾಯಿಗೆ ಮಾತ್ರ ಅದು ಅನ್ವಯವಾಗಲಿಲ್ಲ. ಚುನಾವಣೆಯ ದಿನ ವಠಾರದವರೆಲ್ಲ ಬೆರಳಿನ ಶಾಯಿ ತೋರಿಸುತ್ತಿದ್ದಾಗ ಆಮಾಲಾ ಎಲ್ಲರ ಬೆರಳನ್ನೂ ಹಿಡಿದು ನೋಡುತ್ತಿದ್ದರು.

ಕಳೆದ ವರ್ಷ ಆ ಪತ್ರದ ವಿಷಯವಾಗಿಯೇ ಇಂಗ್ಲಿಷಿನಲ್ಲಿ ಒಂದು ಕಾಗದ ಬಂದಿತ್ತು. ಮಗಳು ದೂರದಲ್ಲಿದ್ದರು. “ಬೇಟಿ, ಬಂದು ಓದಿ ಹೇಳು” ಎಂದು ನನಗೆ ಫೋನ್ ಮಾಡಿದರು. ನಾನು ಮದುವೆಯಾಗಿ ಪಿರಿಯಾಪಟ್ಟಣದಲ್ಲಿದ್ದೇನೆ. ಬಸ್ಸಿನಲ್ಲಿ ಬಂದು ಹೋಗುವ ದೂರ. ಭಾನುವಾರ ಬರುತ್ತೇನೆ ಎಂದೆ. ಆ ಭಾನುವಾರ ಉತ್ತರ ಪತ್ರಿಕೆ ತಿದ್ದುವುದಿತ್ತು. ಮುಂದಿನ ಭಾನುವಾರ ಮನೆಗೆ ನೆಂಟರು. ಮೂರನೆಯ ಭಾನುವಾರ ಬೆಳಿಗ್ಗೆ ಅಮ್ಮಿಯ ಫೋನ್ ಬಂತು.

ಹಾಸಿಗೆಯ ಪಕ್ಕದಲ್ಲಿ ಆ ಕಾಗದವಿತ್ತು. ಮಡಿಸಿ ಮಡಿಸಿ ಮೆತ್ತಗಾಗಿತ್ತು. ಓದಿದೆ. ಹೆದರುವಂಥದ್ದೇನೂ ಇರಲಿಲ್ಲ, ಒಂದು ಫೋಟೋ ಕೇಳಿದ್ದರು, ಅಷ್ಟೆ. ಎರಡು ವಾರ ಅವರು ಏನೆಂದು ತಿಳಿದುಕೊಂಡಿದ್ದರೋ ನನಗೆ ಗೊತ್ತಿಲ್ಲ.

ಅಂತ್ಯಕ್ರಿಯೆ ಬೈಲಕುಪ್ಪೆಯಲ್ಲಿ ಲಾಮಾಗಳು ಹೇಳಿದ ದಿನ ನಡೆಯಿತು. ಹೋಗಬಹುದೇ ಎಂದು ಯಾರೋ ಕೇಳಿದರು. ಅಬ್ಬಾ ಉತ್ತರ ಕೊಡದೆ ಕೋಲು ತೆಗೆದುಕೊಂಡು ಆಟೋ ಹತ್ತಿದರು. ಮಗಳು ಉಪ್ಪಿನ ಚಹಾ ಕೊಟ್ಟರು. ಈ ಸಲ ಲೋಟ ಪೂರ್ತಿ ಕುಡಿದೆ.

ನಲವತ್ತೊಂಬತ್ತು ದಿನಗಳ ಪ್ರಾರ್ಥನೆ ಮುಗಿದ ಮೇಲೆ ಮಗಳು ಮನೆ ಖಾಲಿ ಮಾಡಿದರು. ಹಳೆಯ ಲೆಕ್ಕದ ಪುಸ್ತಕಗಳನ್ನು ತಂದು, ಕನ್ನಡ ನನಗೆ ಓದಲು ಬರುವುದಿಲ್ಲ, ಯಾರು ಎಷ್ಟು ಕೊಡಬೇಕು ನೋಡಿ ಎಂದರು. ನನ್ನದೇ ಎಂಟನೇ ತರಗತಿಯ ಅಕ್ಷರ. ಪುಟ ಪುಟ ಓದಿ ಹೇಳಿದೆ. ನಮ್ಮ ಹೆಸರು ಎಲ್ಲಿಯೂ ಇರಲಿಲ್ಲ. ನಮ್ಮದೂ ಇತ್ತು ಎಂದು ನಾನೇ ಹೇಳಿ, ಆ ಸಂಜೆಯ ವಿಷಯ ತಿಳಿಸಿದೆ. ಮಗಳಿಗೆ ಅದು ಗೊತ್ತೇ ಇರಲಿಲ್ಲ.

ಈಗ ಆ ಮನೆಗೆ ಬೇರೆಯವರು ಬಂದಿದ್ದಾರೆ, ಬೀಗವನ್ನೂ ಬದಲಾಯಿಸಿದ್ದಾರೆ. ಹಳೆಯ ಬೀಗದ ಕೈಯನ್ನು ಅಮ್ಮಿ ಇನ್ನೂ ಮೊಳೆಯಿಂದ ತೆಗೆದಿಲ್ಲ.