ಅಂತ್ಯಸಂಸ್ಕಾರದ ಕಂತು ಮತ್ತು ಜಾಮೀನಿನ ಹಣ



ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವರ್ಣಭೇದವು ಕಾನೂನಾಗಿದ್ದ ಕಾಲದಲ್ಲಿ ಶಾಲೆ, ಆಸ್ಪತ್ರೆ, ಬಸ್ಸಿನ ಆಸನಗಳಂತೆ ಸ್ಮಶಾನಗಳೂ ಬೇರೆಬೇರೆಯಾಗಿದ್ದವು. ಬದುಕಿರುವಾಗ ದೊರೆಯದ ಗೌರವವು ಸಾವಿನಲ್ಲಾದರೂ ದೊರೆಯಲೆಂಬ ಹಂಬಲವು ಕಪ್ಪು ಜನರಲ್ಲಿ ಪ್ರಬಲವಾಗಿತ್ತು. ಈ ಹಂಬಲವನ್ನು ಅರಿತವನು ಆರ್ಥರ್ ಜಾರ್ಜ್ ಗ್ಯಾಸ್ಟನ್.

ಗುಲಾಮರಾಗಿದ್ದವರ ಮೊಮ್ಮಗನಾದ ಗ್ಯಾಸ್ಟನ್ 1892ರಲ್ಲಿ ಅಲಬಾಮಾದ ಡೆಮೊಪೊಲಿಸ್‌ನಲ್ಲಿ ಜನಿಸಿದನು. ಮೊದಲ ಮಹಾಯುದ್ಧದಿಂದ ಮರಳಿದ ಮೇಲೆ ಬರ್ಮಿಂಗ್‌ಹ್ಯಾಮ್ ಬಳಿಯ ಗಣಿಯಲ್ಲಿ ಕೂಲಿಯಾದನು. ತಾಯಿ ಸಿದ್ಧಪಡಿಸಿದ ಬುತ್ತಿಯನ್ನು ಸಹಕಾರ್ಮಿಕರಿಗೆ ಮಾರಿದನು; ಅವರಿಗೇ ಡಾಲರಿಗೆ 25 ಸೆಂಟ್ ಬಡ್ಡಿಯಂತೆ ಸಾಲವನ್ನೂ ಕೊಟ್ಟನು. (ಈ ದರವನ್ನು ಯಾವ ಲೆಕ್ಕಪರಿಶೋಧಕನೂ ಮೆಚ್ಚಲಾರನು.) ಗಂಡನನ್ನು ಮಣ್ಣುಮಾಡಲು ಹಣವಿಲ್ಲದ ವಿಧವೆಯರು ಗಣಿಯ ಬಾಗಿಲಲ್ಲಿ ಕೈಯೊಡ್ಡುವುದನ್ನು ಅವನು ಅಲ್ಲಿಯೇ ಕಂಡದ್ದು.

1923ರಲ್ಲಿ ಅವನು ಬುಕರ್ ಟಿ. ವಾಷಿಂಗ್ಟನ್ ಹೆಸರಿನಲ್ಲಿ ಅಂತ್ಯಸಂಸ್ಕಾರ ಸಂಘವನ್ನು ಸ್ಥಾಪಿಸಿದನು. ಸದಸ್ಯರು ಚಿಲ್ಲರೆ ಕಂತುಗಳನ್ನು ತೆರಬೇಕು; ಸತ್ತಾಗ ಸಂಘವು ಗೌರವದ ಸಂಸ್ಕಾರ ನಡೆಸಬೇಕು. ಮಾವನೊಡನೆ ಸ್ಮಿತ್ ಮತ್ತು ಗ್ಯಾಸ್ಟನ್ ಅಂತ್ಯಸಂಸ್ಕಾರ ಗೃಹವನ್ನೂ ತೆರೆದನು. ಹೀಗೆ ಕಂತು ಕೂಡಿಸುವ ಕೈ, ಸೇವೆ ಒದಗಿಸುವ ಕೈ ಎರಡೂ ಒಂದೇ ಮನೆಯವಾದವು. ಉಳಿಕೆ ಹೊರಗೆ ಹೋಗಲಿಲ್ಲ. ಸಂಘವು 1932ರಲ್ಲಿ ವಿಮಾ ಕಂಪನಿಯಾಯಿತು. 1954ರಲ್ಲಿ ಮೋಟೆಲ್, 1957ರಲ್ಲಿ ಗೃಹಸಾಲ ನೀಡುವ ಉಳಿತಾಯ ಸಂಸ್ಥೆ ತಲೆಯೆತ್ತಿದವು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹಕ್ಕು ಕೇಳಿದ ಕಪ್ಪು ಶಿಕ್ಷಕನನ್ನು ಸರಕಾರವು ಕೆಲಸದಿಂದ ತೆಗೆಯಬಹುದಿತ್ತು. ಕಾರ್ಮಿಕನನ್ನು ಬಿಳಿಯ ಧಣಿ ಹೊರಹಾಕಬಹುದಿತ್ತು. ಶವಸಂಸ್ಕಾರದವನ ಗಿರಾಕಿಗಳೆಲ್ಲರೂ ಅವನ ಜನರೇ. ಅವನ ಅನ್ನವನ್ನು ಕಸಿಯುವುದು ಸುಲಭವಿರಲಿಲ್ಲ. ಆದರೆ ಅದೇ ಗೋಡೆಯೇ ಅವನ ಮಾರುಕಟ್ಟೆಗೆ ಬೇಲಿಯೂ ಆಗಿತ್ತೆಂಬುದನ್ನು ಮರೆಮಾಚಲಾಗದು. ಬಹುಶಃ ಆದುದರಿಂದಲೇ ಗ್ಯಾಸ್ಟನ್ ಬೀದಿಯ ಹೋರಾಟಕ್ಕಿಂತ ಸಂಧಾನವನ್ನು ನೆಚ್ಚಿದನು, ಹಲವರ ನಿಂದೆಗೂ ಗುರಿಯಾದನು.

1963ರ ವಸಂತದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಂಗಿದ್ದುದು ಅವನ ಮೋಟೆಲಿನ 30ನೆಯ ಕೋಣೆಯಲ್ಲಿ. ಚಳವಳಿಯ ಯೋಜನೆ ಸಿದ್ಧವಾದುದೂ ಅಲ್ಲಿಯೇ. ಮೇ ತಿಂಗಳಲ್ಲಿ ಮಕ್ಕಳು ಮೆರವಣಿಗೆ ಹೊರಟರು. ಮಕ್ಕಳನ್ನು ಮುಂದೊಡ್ಡುವುದು ಗ್ಯಾಸ್ಟನ್‌ಗೆ ಒಪ್ಪಿಗೆಯಿರಲಿಲ್ಲ. ಬಿಳಿಯ ವಕೀಲನೊಬ್ಬನೊಡನೆ ಫೋನಿನಲ್ಲಿ ಇದನ್ನೇ ಹೇಳುತ್ತಿರುವಾಗ, ಕಚೇರಿಯ ಕಿಟಕಿಯಿಂದ ಹೊರನೋಡಿದನು. ಅಗ್ನಿಶಾಮಕದವರ ನೀರಿನ ರಭಸಕ್ಕೆ ಪುಟ್ಟ ಹುಡುಗಿಯೊಬ್ಬಳು ಬೀದಿಯಲ್ಲಿ ಉರುಳಿಹೋಗುತ್ತಿದ್ದಳು. ಮಾತು ಮುಂದುವರಿಸಲಾಗದೆಂದು ಅವನು ಫೋನಿಟ್ಟನು.

ಬಂಧಿತರ ಜಾಮೀನಿಗೆ ಹಣ ಬೇಕಾದಾಗ ಅವನು ಕೊಟ್ಟನು. ಆ ಹಣದ ಮೂಲವನ್ನು ಖಾತೆಯಲ್ಲಿ ಹಿಂದಕ್ಕೆ ಹುಡುಕುತ್ತ ಹೋದರೆ ತಲುಪುವುದು ಗಣಿಕೂಲಿಗಳ ಚಿಲ್ಲರೆ ಕಂತುಗಳನ್ನು. ಮೇ 11ರ ರಾತ್ರಿ ಅವನ ಮೋಟೆಲಿಗೆ ಬಾಂಬು ಬಿತ್ತು.

1987ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಗ್ಯಾಸ್ಟನ್ ತನ್ನ ವಿಮಾ ಕಂಪನಿಯನ್ನು ಅದರ ಬೆಲೆಗಿಂತ ಬಹಳ ಕಡಿಮೆ ಹಣಕ್ಕೆ ನೌಕರರಿಗೇ ಮಾರಿಬಿಟ್ಟನು.