ನಕ್ಕರೆ ಹೊಟ್ಟೆ ಹುಣ್ಣಾಗುತ್ತದೆಯೇ?

ಬೆಳಗ್ಗೆ ಬೆಳಗ್ಗೆ ಜಯನಗರದ ಪಾರ್ಕುಗಳ ಪಕ್ಕ ಹಾದುಹೋದರೆ ಒಮ್ಮೊಮ್ಮೆ 'ಹೊಹ್ಹೊಹ್ಹೋ' ಎಂಬ ಸದ್ದು ಕೇಳುತ್ತದೆ. ಗಾಬರಿಯಾಗಬೇಡಿ, ಅದು ನಮ್ಮಂಥ ತಾತಂದಿರು, ಅಜ್ಜಿಯರು ಸೇರಿ ನಗುವ ಕೂಟ. 1995ರಲ್ಲಿ ಮುಂಬೈನ ಪಾರ್ಕೊಂದರಲ್ಲಿ ಮದನ್ ಕಟಾರಿಯಾ ಎಂಬ ಡಾಕ್ಟರು ಶುರುಮಾಡಿದ ನಗೆಕೂಟ ಊರೂರಿಗೂ ಹಬ್ಬಿ ನಮ್ಮ ಬೀದಿಗೂ ಬಂತು.

ಮೊನ್ನೆ ಮೊಮ್ಮಗಳೂ ನಮ್ಮ ಜೊತೆ ನಕ್ಕೂ ನಕ್ಕೂ, "ತಾತ, ಹೊಟ್ಟೆ ಹುಣ್ಣಾಯ್ತು!" ಅಂತ ಕೂತುಬಿಟ್ಟಳು. ನಿಜಕ್ಕೂ ಹುಣ್ಣಾಯಿತೇ? ಬನ್ನಿ, ನೋಡೋಣ.

ಮೊದಲು ಎದೆಯನ್ನು ಮುಟ್ಟಿ. ಗಟ್ಟಿ ಪಕ್ಕೆಲುಬುಗಳು ಸಿಗುತ್ತವೆ. ಬೆರಳನ್ನು ಹಾಗೇ ಕೆಳಗೆ ಜಾರಿಸಿ. ಅರೆ, ಮೂಳೆಯೇ ಇಲ್ಲ! ಹಿಂದೆ ಬೆನ್ನುಮೂಳೆ ಇದೆ, ಮುಂದೆ ಬರೀ ಮೆತ್ತಗೆ. ಒಳಗಿನ ಜಠರ, ಕರುಳುಗಳನ್ನು ಹಿಡಿದಿಟ್ಟಿರುವುದು ಸ್ನಾಯುಗಳ ಗೋಡೆ.

ಮೂಳೆಯ ಗೋಡೆಯೇ ಇದ್ದಿದ್ದರೆ? ಹಬ್ಬದ ದಿನ ಇನ್ನೊಂದು ಹೋಳಿಗೆಗೆ ಹೊಟ್ಟೆ ಹಿಗ್ಗುತ್ತಿರಲಿಲ್ಲ. ಬಗ್ಗಿ ಶೂ ಲೇಸ್ ಕಟ್ಟುವುದೂ ಕಷ್ಟವಾಗುತ್ತಿತ್ತು.

ಆದರೆ ಮೆತ್ತನೆಯ ಗೋಡೆ ಗಟ್ಟಿಯಾಗುವುದು ಹೇಗೆ? ಒಂದು ಹಳೆಯ ನ್ಯೂಸ್‌ಪೇಪರ್ ತನ್ನಿ. ಮೇಲಿನಿಂದ ಕೆಳಕ್ಕೆ ಹರಿಯಿರಿ, ಸರ್ರನೆ ನೇರ ಹರಿಯುತ್ತದೆ. ಅಡ್ಡಡ್ಡ ಹರಿದರೆ ಅಂಕುಡೊಂಕು. ಕಾಗದದೊಳಗಿನ ಎಳೆಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುವುದೇ ಇದಕ್ಕೆ ಕಾರಣ. ಈಗ ಮೂರು ಹಾಳೆಗಳನ್ನು ಮೂರು ದಿಕ್ಕಿಗೆ ತಿರುಗಿಸಿ ಒಟ್ಟಿಗೆ ಅಂಟಿಸಿ, ಒಣಗಿದ ಮೇಲೆ ಹರಿದು ನೋಡಿ. ಯಾವ ಕಡೆಯಿಂದಲೂ ಸುಲಭವಾಗಿ ಹರಿಯದು.

ನಿಮ್ಮ ಹೊಟ್ಟೆಯ ಎರಡೂ ಪಕ್ಕದಲ್ಲಿ ಇಂಥವೇ ಮೂರು ಹಾಳೆಗಳಿವೆ. ಪ್ಯಾಂಟಿನ ಜೇಬಿಗೆ ಕೈ ಇಳಿಸಿ, ಬೆರಳುಗಳು ಓರೆಯಾಗಿ ಇಳಿದವಲ್ಲ, ಹೊರಗಿನ ಹಾಳೆಯ ಎಳೆಗಳು ಆ ದಿಕ್ಕಿಗಿವೆ. ನಡುವಿನ ಹಾಳೆಯದು ಅದಕ್ಕೆ ಕತ್ತರಿ ಹಾಕಿದಂತೆ ಎದುರು ದಿಕ್ಕು. ಎಲ್ಲಕ್ಕಿಂತ ಒಳಗಿನದು ತಾತನ ಸೊಂಟದ ಪಂಚೆಯಂತೆ ಅಡ್ಡಡ್ಡ ಸುತ್ತಿಕೊಂಡಿದೆ.

ಮುಂಭಾಗದಲ್ಲಿ ಸ್ಕೂಲ್ ಬ್ಯಾಗಿನ ಪಟ್ಟಿಗಳಂತೆ ಎರಡು ಉದ್ದ ಸ್ನಾಯುಗಳು ಪಕ್ಕೆಲುಬಿನಿಂದ ಕಿಬ್ಬೊಟ್ಟೆಯ ಕೆಳಗಿನ ಮೂಳೆಯವರೆಗೆ ಇಳಿದಿವೆ. ಅವೆರಡರ ನಡುವೆ ಬಿಳಿಯ ಹೊಲಿಗೆಯಂಥ ಗೆರೆ, ಆ ಗೆರೆಯ ಮೇಲೇ ನಿಮ್ಮ ಹೊಕ್ಕುಳು! ಜಡೆಗೆ ಅಲ್ಲಲ್ಲಿ ರಿಬ್ಬನ್ ಬಿಗಿದ ಹಾಗೆ ಪಟ್ಟಿಗಳಿಗೆ ಅಡ್ಡ ಕಟ್ಟುಗಳಿವೆ, ಸಾಮಾನ್ಯವಾಗಿ ಮೂರು. ಬಿ.ಟಿ.ಎಂ. ಲೇಔಟಿನ ಜಿಮ್ ಬೋರ್ಡಿನ ಅಣ್ಣನ ಹೊಟ್ಟೆಯ ಮೇಲಿರುವ 'ಸಿಕ್ಸ್ ಪ್ಯಾಕ್' ಇದೇ. ನನಗೂ ಇದೆ, ದೋಸೆ ತಿಂದೂ ತಿಂದೂ ಮೇಲೆ ಕೊಬ್ಬಿನ ಕಂಬಳಿ ಹೊದ್ದು ಮಲಗಿದೆ, ಅಷ್ಟೆ.

ಇನ್ನು ನಗು. ಹಳೆಯ ಆಟೋಗಳ ರಬ್ಬರ್ ಹಾರ್ನ್ ಒತ್ತಿದರೆ ಗಾಳಿ ನುಗ್ಗಿ 'ಪೋಂಯ್' ಅನ್ನುತ್ತಿತ್ತು. ನಕ್ಕಾಗಲೂ ಹಾಗೆಯೇ. ಹೊಟ್ಟೆಯ ಗೋಡೆ ಬಿಗಿಯುತ್ತದೆ, ಒಳಗಿರುವುದೆಲ್ಲ ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶದ ಗಾಳಿ ಹೊರಗೆ ಚಿಮ್ಮುತ್ತದೆ. ಒಂದು ಬಿಗಿತಕ್ಕೆ ಒಂದು 'ಹ', ಮತ್ತೊಂದಕ್ಕೆ ಮತ್ತೊಂದು 'ಹ'. ಕೆಮ್ಮು, ಸೀನಿಗೂ ಇದೇ ಗೋಡೆಯ ಒತ್ತಡ ಬೇಕು.

ರಾಗಿಗುಡ್ಡದ ಮೆಟ್ಟಿಲು ಹತ್ತಿಳಿದರೆ ಕಾಲು ನೋಯುತ್ತದಲ್ಲ, ಹಾಗೇ ನೂರು ಸಲ ಬಿಗಿದು ಬಿಟ್ಟ ಹೊಟ್ಟೆಯ ಸ್ನಾಯುಗಳೂ ದಣಿದು ನೋಯುತ್ತವೆ. ಹುಣ್ಣೂ ಇಲ್ಲ, ಗಿಣ್ಣೂ ಇಲ್ಲ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿ, "ಹೊಟ್ಟೆ ಮೇಲೆ ಅಂಗೈ ಇಟ್ಟು ಜೋರಾಗಿ 'ಹ' ಅನ್ನು" ಅಂದೆ. ಅಂದಳು. ಅಂಗೈಯಡಿ ಹೊಟ್ಟೆ ಚಕ್ಕನೆ ಬಿಗಿಯಾಯಿತು. ಅದಕ್ಕೇ ಅವಳಿಗೆ ಮತ್ತೆ ನಗು ಬಂತು! ನೀವೂ ಒಮ್ಮೆ ಅಂದು ನೋಡಿ.