ಬೆಂಗಳೂರಿಗೆ ಬಂದು ಹೋದ ಮ್ಯಾಕ್ಸ್ ಬಾರ್ನ್



ನಾನು ಸರ್ಕಾರಿ ನೌಕರಿಯಲ್ಲಿ ಸವೆದವನು. ಯಾವ ಆದೇಶ ಕಂಡರೂ ಮೊದಲು ಅದರ ಷರತ್ತುಗಳನ್ನು ಓದುವ ಚಟ ಇನ್ನೂ ಹೋಗಿಲ್ಲ. 1933ರ ಏಪ್ರಿಲ್ 7ರಂದು ಹಿಟ್ಲರನ ಸರ್ಕಾರವೂ ನೌಕರರಿಗಾಗಿ ಒಂದು ಕಾನೂನು ತಂದಿತು. ಕೆಲವೇ ದಿನಗಳಲ್ಲಿ ಅದಕ್ಕೊಂದು ನಿಯಮ ಸೇರಿತು: ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸಾಕು, ಕೆಲಸ ಹೋಗುತ್ತದೆ.

ಗಾಟಿಂಗೆನ್‌ನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಮ್ಯಾಕ್ಸ್ ಬಾರ್ನ್ ತಾವು ಅಮಾನತಾದದ್ದನ್ನು ತಿಳಿದದ್ದು ಪತ್ರಿಕೆ ಓದಿ. ಅವರು 1914ರಲ್ಲೇ ಕ್ರೈಸ್ತರಾಗಿದ್ದರು. ಆದರೆ ಕಾನೂನು ಕೇಳಿದ್ದು ಹುಟ್ಟನ್ನು; ಇಲ್ಲಿ ಕೂತ ನಿಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಗೆಳೆಯ ಜೇಮ್ಸ್ ಫ್ರಾಂಕ್ ಮೊದಲ ಮಹಾಯುದ್ಧದಲ್ಲಿ ಹೋರಾಡಿದವರು, ವಿನಾಯಿತಿಯಿಂದ ಉಳಿಯಬಹುದಿತ್ತು. ಅವರು ತಾವಾಗಿಯೇ ರಾಜೀನಾಮೆ ಕೊಟ್ಟರು. ನಮ್ಮ ಇಲಾಖೆಗಳಲ್ಲಿ ಅಂಥವರನ್ನು ನಾನು ಹೆಚ್ಚು ಕಂಡಿಲ್ಲ.

ಬಾರ್ನ್ ಮೊದಲು ಕೇಂಬ್ರಿಡ್ಜ್‌ಗೆ ಹೋದರು. 1935ರಲ್ಲಿ ಸಿ.ವಿ. ರಾಮನ್ ಕರೆದಾಗ ಪತ್ನಿಯೊಡನೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದರು. ಸುಮಾರು ಆರು ತಿಂಗಳು ಇಲ್ಲಿದ್ದರು. ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಬಹಳ ಹೆಣಗಿದರು. ಸಂಸ್ಥೆಯ ಸಭೆಯಲ್ಲೊಬ್ಬರು ಎದ್ದು, ಸ್ವಂತ ದೇಶವೇ ಹೊರಗೆ ಹಾಕಿದ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರಂತೆ. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಬಂದು ಹೆಂಡತಿಯ ಮುಂದೆ ಅತ್ತೆನೆಂದು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ.

ಹುದ್ದೆ ಸಿಗಲಿಲ್ಲ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರಾಗಿ ಕರೆದುಕೊಂಡಿತು. ನಿವೃತ್ತಿಯವರೆಗೆ ಅಲ್ಲೇ ಪಾಠ ಹೇಳಿದರು. 1954ರಲ್ಲಿ ನೊಬೆಲ್ ಬಂತು.